ವೆಸೋನಾದ ಮೂರು ಗುಂಟೆ

ಸುಣ್ಣದ ಗೆರೆ ನೇರವಾಗಿ ಬಂದು ಜ್ಞಾನದೇವನ ಅಂಗಳದ ಒಲೆಗೆ ಮುಟ್ಟಿತು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಸುಣ್ಣದ ಬುಟ್ಟಿ ಹಿಡಿದ ಆಳು ಒಂದು ಗಳಿಗೆ ನಿಂತ, ಹಿಂದೆ ತಿರುಗಿ ವಿಶಾಲನ ಮುಖ ನೋಡಿದ, ಆಮೇಲೆ ಒಲೆಯನ್ನು ದಾಟಿ ಆಚೆ ಕಡೆಯಿಂದ ಗೆರೆ ಮುಂದುವರಿಸಿದ. ಟೇಪು ಹಿಡಿದಿದ್ದ ಮೋಜಣಿಯವನು ತಲೆ ಎತ್ತಲಿಲ್ಲ. ಇಂಥ ಕೆಲಸದಲ್ಲಿ ತಲೆ ಎತ್ತದವನೇ ಜಾಣ.

ಜ್ಞಾನದೇವ ಯಡೂರಿನ ಪಂಚಾಯಿತಿಯ ವಾಟರ್‌ಮನ್. ಬೆಳಿಗ್ಗೆ ಐದಕ್ಕೆ ಎದ್ದು ಓಣಿಗೊಂದರಂತೆ ನಲ್ಲಿಯ ವಾಲ್ವು ತಿರುವಿ, ನೀರು ಕಡಿಮೆ ಬಂತೆಂದು ಬೈಯುವ ಹೆಂಗಸರಿಗೆ ಬೈಗುಳ ತಿರುಗಿ ಕೊಟ್ಟು, ಒಂಬತ್ತಕ್ಕೆ ಮನೆಗೆ ಬಂದು ಚಹಾ ಕುಡಿಯುವುದು ಅವನ ರೂಢಿ. ಮನೆ ಅಂದರೆ ತಗಡಿನ ಶೆಡ್ಡು. ಊರಿನ ಮೇಲಿನ ದಿಣ್ಣೆಯಲ್ಲಿ, ರಸ್ತೆಗೆ ಹತ್ತಿಕೊಂಡು, ಮುರಗೆಪ್ಪ ಸಾವುಕಾರನ ಕಬ್ಬಿನ ಹೊಲದ ಮೂಲೆಯಲ್ಲಿತ್ತು. ಆ ದಿನ ಸೈಕಲ್ಲು ಇಳಿಯುವಷ್ಟರಲ್ಲೇ ಅವನಿಗೆ ಕಂಡದ್ದು ಬಿಳಿ ಗೆರೆ.

"ಏನೋ ವಿಶಾಲ, ನಮ್ಮ ಒಲಿ ಎಷ್ಟ ಫೂಟ ಐತಿ ಅಂತ ಅಳಿಯಾಕ ಬಂದಿಯೇನ?"

ವಿಶಾಲ ಮುರಗೆಪ್ಪನ ಒಬ್ಬನೇ ಮಗ. ಫೋನು ಕಿಸೆಗೆ ಇಳಿಸಿ ನಯವಾಗಿ ಹೇಳಿದ: "ಕಾಕಾ, ಅಪ್ಪಾ ಹೇಳಿಲ್ಲೇನ್ರಿ? ಇಲ್ಲಿ ಮಂದಿ ಲಗ್ನಕ್ಕ ಮಂಗಲ ಕಾರ್ಯಾಲಯ ಕಟ್ಟಸಾಕತ್ತೇನಿ. ನಿಮ್ಮ ಶೆಡ್ಡ ನಟ್ಟ ನಡುವ ಗೇಟಿಗೆ ಬರತೈತಿ."

"ಗೇಟ ಅತ್ಲಾಗ ಸರಸು."

"ಅತ್ಲಾಗ ಟ್ರಾನ್ಸ್‌ಫಾರ್ಮರ್ ಐತ್ರಿ."

"ಹಂಗಾರ ಕಾರ್ಯಾಲಯನ ಸರಸು. ಈ ಜಾಗಾ ನಂದು. ನಿಮ್ಮಪ್ಪ ಕೊಟ್ಟಾನ. ಕಾಗದ ಐತಿ ನನ್ನ ಹತ್ರ."

ವಿಶಾಲನ ಮುಖ ಒಂದಿಷ್ಟು ಬಿಗಿಯಿತು. ಜ್ಞಾನದೇವ ಒಳಗೆ ಹೋಗಿ ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಚೀಲ ತೆಗೆದ. ಚೀಲದೊಳಗೊಂದು ಚೀಲ, ಅದರೊಳಗೆ ನೋಟುಬುಕ್ಕಿನ ಒಂದು ಹಾಳೆ. ಹಾಳೆಯ ಒಂದು ಮೂಲೆ ಕೆಸರು ಬಣ್ಣಕ್ಕೆ ತಿರುಗಿತ್ತು. ವಿಶಾಲ ಅದನ್ನು ಹೊರಳಿಸಿ ನೋಡಿದ, ತಿರುಗಿಸಿ ನೋಡಿದ, ಮೋಜಣಿಯವನಿಗೂ ತೋರಿಸಿದ.

"ಕಾಕಾ, ಇದು ಯಾವ ಭಾಷಾರಿ? ಹಳೇ ಮರಾಠಿ ಮೋಡಿ ಲಿಪಿ ಏನ?"

"ಮೋಡಿ ಅಲ್ಲ. ನಿಮ್ಮಪ್ಪನ ಅಕ್ಷರ. ಅವನ್ನ ಕೇಳು ಹೋಗು."

ವಿಶಾಲ ನಗಲಿಲ್ಲ. ಕಾಗದವನ್ನು ಫೋನಿನಲ್ಲಿ ಫೋಟೋ ಹೊಡೆದುಕೊಂಡು ಎರಡೂ ಕೈಯಲ್ಲಿ ಹಿಂದಿರುಗಿಸಿದ. ನಯವಾಗಿ ನಡೆದುಕೊಳ್ಳುವವರನ್ನು ಕಂಡರೆ ಜ್ಞಾನದೇವನಿಗೆ ಮೊದಲಿನಿಂದಲೂ ಆಗುವುದಿಲ್ಲ. ಬೈದರೆ ತಿರುಗಿ ಬೈಯಬಹುದು.

ಅದು ವೆಸೋ ಭಾಷೆ. ಜಗತ್ತಿನಲ್ಲಿ ಅದನ್ನು ಬಲ್ಲವರು ಇಬ್ಬರೇ. ಒಬ್ಬ ಜ್ಞಾನದೇವ, ಇನ್ನೊಬ್ಬ ಮುರಗೆಪ್ಪ.

ಇಬ್ಬರೂ ಏಳನೆಯ ಇಯತ್ತೆಯಲ್ಲಿದ್ದಾಗ ಹುಟ್ಟಿದ ಭಾಷೆ ಅದು. ಆ ವರ್ಷ ಗಡಿಯ ಗಲಾಟೆ ಜೋರಾಗಿತ್ತು. ಕನ್ನಡದವರು ಮರಾಠಿ ಬೋರ್ಡಿಗೆ, ಮರಾಠಿಯವರು ಕನ್ನಡ ಬೋರ್ಡಿಗೆ ಡಾಂಬರು ಬಳಿಯುತ್ತಿದ್ದರು. ಸಾಲೆ ಬಿಟ್ಟ ಮೇಲೆ ಹೊಳೆಯ ದಂಡೆಯಲ್ಲಿ ಕೂತು ಹುಡುಗರಿಬ್ಬರು ಆಚೆ ದಂಡೆ ನೋಡುತ್ತಿದ್ದರು. ಈಚೆ ದಂಡೆಯಲ್ಲಿ ಮುರಗೆಪ್ಪನ ಮನೆಗೆ ಹೋದರೆ ಜ್ಞಾನದೇವನಿಗೆ ಚಹಾ ಕೊಡಲು ದನದ ಕೊಟ್ಟಿಗೆಯ ಗೂಡಿನಲ್ಲಿ ಬೇರೆ ಕಪ್ಪಿತ್ತು. ಆಚೆ ದಂಡೆಯಲ್ಲಿ ಇವರನ್ನು ಗುರುತಿಸುವವರಿರಲಿಲ್ಲ. ಅಲ್ಲೊಂದು ದೇಶವಿದ್ದರೆ ಹೇಗಿರಬೇಕು ಎಂದು ಮಾತು ಶುರುವಾಯಿತು. ಆ ಮಾತು ಮೂವತ್ತೇಳು ವರ್ಷ ನಿಲ್ಲಲಿಲ್ಲ.

ದೇಶದ ಹೆಸರು ವೆಸೋನಾ. ಭಾಷೆ ಮತ್ತು ಕಾಯಿದೆ ಜ್ಞಾನದೇವನ ಪಾಲು. ಮಾರುಕಟ್ಟೆ, ನಕ್ಷೆ, ರಾಜಕಾರಣ ಮುರಗೆಪ್ಪನ ಪಾಲು. ಕನ್ನಡದ ವಾಸನೆ ಬರಬಾರದೆಂದು ಜ್ಞಾನದೇವ ಉಕಾರದಲ್ಲಿ ಮುಗಿಯುವ ಶಬ್ದಗಳನ್ನೆಲ್ಲ ಹೊರಗೆ ಹಾಕಿದ. ಮರಾಠಿಯ ವಾಸನೆ ಬರಬಾರದೆಂದು ಳಕಾರವನ್ನೇ ಓಡಿಸಿದ. ಬರೆಯಲು ಬೇರೆಯದೇ ಅಕ್ಷರ ಮಾಡಿದ. ನೀರಿಗೆ ಕೆಶಾ. ಕೈಗೆ ಊಮೆ. ಎದುರಿಗಿದ್ದವನು ಯಾರೇ ಆಗಲಿ, ಸಾವುಕಾರನಾಗಲಿ ಆಳಾಗಲಿ, ಅವನಿಗೆ ಪೆ. ಮೊದಲಿಗೆ ಜ್ಞಾನದೇವ ಬರೆದ ದೇಶದಲ್ಲಿ ಜಗಳವಿರಲಿಲ್ಲ, ಬಡವರಿರಲಿಲ್ಲ. ಮುರಗೆಪ್ಪ ಓದಿ ನಕ್ಕಿದ್ದ.

"ಎಲ್ಲಾರೂ ಒಳ್ಳೇವ್ರ ಇದ್ರ ಅದು ದೇಶ ಅಲ್ಲೋ ಜ್ಞಾನ್ಯಾ, ಭಜನಾ ಮಂಡಳ. ನಂಬೂಹಂಗ ಇರಬೇಕ."

ನಂಬುವ ಹಾಗಿರಬೇಕೆಂದು ಮುರಗೆಪ್ಪ ಒಂದು ಹೊಳೆ ಹರಿಸಿದ, ಹೊಳೆಯ ಮೇಲಿನವರು ಕೆಳಗಿನವರು ಎಂದು ಎರಡು ಪಕ್ಷ ಕಟ್ಟಿದ. ಅಲ್ಲಿ ನಾಣ್ಯವಿರಲಿಲ್ಲ, ನೀರಿನ ಪಾಳಿಯೇ ಸಂಪತ್ತು. ಎಂಟು ದಿನದೊಳಗೆ ಹೊಲಕ್ಕೆ ಬಿಟ್ಟುಕೊಳ್ಳದ ಪಾಳಿ ಸತ್ತುಹೋಗುತ್ತಿತ್ತು. ಹಾಗಾಗಿ ಯಾರೂ ಕೂಡಿಡುವಂತಿರಲಿಲ್ಲ. ಜ್ಞಾನದೇವನಿಗೆ ಅದು ಬಹಳ ಸೇರಿತು. ಆದರೆ ಒಂಬತ್ತನೆಯ ನೋಟುಬುಕ್ಕಿಗೆ ಬರುವಷ್ಟರಲ್ಲಿ ಮೇಲಿನವರು ಕೆರೆ ಕಟ್ಟಿಸಿಕೊಂಡು ನೀರು ನಿಲ್ಲಿಸಲು ಕಲಿತಿದ್ದರು. "ಕಲೀಲಾರದ ಇರತಾರೇನ?" ಎಂದ ಮುರಗೆಪ್ಪ. ಅದಕ್ಕೆ ಎದುರಾಗಿ ಜ್ಞಾನದೇವ ಕಾಯಿದೆ ತಂದ: ಪಂಚರು ಹನ್ನೊಂದು ಮಂದಿ, ಹುಣಸೆ ಬೀಜದ ಮೇಲೆ ಹೆಸರು ಬರೆದು ಚೀಟಿಯಂತೆ ಎತ್ತಿ ಅವರನ್ನು ಆರಿಸಬೇಕು, ಎರಡು ಮಹಾಪೂರ ಕಳೆಯುವವರೆಗೆ ಒಂದು ಜಾಗದಲ್ಲಿ ಮಲಗಿ ಎದ್ದವನದೇ ಆ ಜಾಗ. ಒಬ್ಬ ದೇಶ ಕೆಡಿಸುತ್ತ ಹೋದ, ಇನ್ನೊಬ್ಬ ರಿಪೇರಿ ಮಾಡುತ್ತ ಹೋದ. ಅದೇ ಅವರ ಆಟ. ಅದೇ ಸ್ನೇಹ.

ಮುರಗೆಪ್ಪ ಚಿಕ್ಕೋಡಿಗೆ ಹೋಗಿ ಕಾಲೇಜು ಓದಿ ಬಂದ. ಜ್ಞಾನದೇವ ಏಳಕ್ಕೇ ಸಾಲೆ ಬಿಟ್ಟು ತಾಯಿ ಪದ್ಮವ್ವನ ಸಂಗಡ ಅದೇ ಮುರಗೆಪ್ಪನ ಹೊಲದಲ್ಲಿ ಕಬ್ಬಿನ ಬೀಜ ಕಡಿದ. ಇಬ್ಬರಿಗೂ ಮದುವೆಯಾಯಿತು, ಮಕ್ಕಳಾದವು. ಆದರೆ ಐತವಾರ ಮಧ್ಯಾಹ್ನ ಹೊಳೆ ದಂಡೆಯ ಮೋಟಾರು ಮನೆಯ ಕಟ್ಟೆಯ ಮೇಲೆ ಇಬ್ಬರೂ ಕೂಡುವುದು ತಪ್ಪಲಿಲ್ಲ. ದೂರದಿಂದ ನೋಡಿದವರು ಸಾವುಕಾರ ವಾಟರ್‌ಮನ್ನನಿಗೆ ಏನೋ ಕೆಲಸ ಹೇಳುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಯಾರಾದರೂ ಹತ್ತಿರ ಬಂದರೆ ಜ್ಞಾನದೇವ ಕಟ್ಟೆಯಿಂದ ಇಳಿದು ನಿಲ್ಲುತ್ತಿದ್ದ, "ಹೌದ್ರಿ ಸಾವ್ಕಾರ್ರ" ಅನ್ನುತ್ತಿದ್ದ. ಅವರು ಹೋದ ಮೇಲೆ ಮತ್ತೆ ಕಟ್ಟೆ ಏರಿ "ಲೇ ಮುರಗ್ಯಾ, ನಿನ್ನ ಕೆರಿ ಒಡ್ಡು ಒಡಿಸ್ತೇನಿ ನೋಡು" ಎಂದು ಕೂಡುತ್ತಿದ್ದ. ಇದರಲ್ಲಿ ಅವನಿಗೆ ಅವಮಾನ ಕಂಡಿರಲಿಲ್ಲ. ಗಡಿ ದಾಟುವಾಗ ಎಲ್ಲರೂ ಜೇಬು ತೋರಿಸುತ್ತಾರಲ್ಲ, ಹಾಗೆ ಅಂದುಕೊಂಡಿದ್ದ.

ಆಮೇಲೆ ಎರಡು ಸಾವಿರದ ಹತ್ತೊಂಬತ್ತರ ಮಹಾಪೂರ ಬಂತು. ಕೆಳಗಿನ ಓಣಿಯಲ್ಲಿದ್ದ ಜ್ಞಾನದೇವನ ಮಣ್ಣಿನ ಮನೆ ನೀರಿನಲ್ಲಿ ಕರಗಿಹೋಯಿತು. ಎತ್ತರದ ಸಾಲೆಯಲ್ಲಿ ಗಂಜಿ ಕೇಂದ್ರ ಮಾಡಿದ್ದರು. ನಾಲ್ಕನೆಯ ದಿನ ಮುರಗೆಪ್ಪ ರೊಟ್ಟಿಯ ಗಂಟು ಹಿಡಿದು ಬಂದ. ವರಾಂಡದಲ್ಲಿ ಜ್ಞಾನದೇವನ ಪಕ್ಕ ಕೂತ, ಅದೂ ಎಲ್ಲರ ಎದುರಿಗೆ. ಮೆಟ್ಟಿಲ ಕೆಳಗೆ ನೀರು ನಿಂತಿತ್ತು.

"ಆ ತಗ್ಗಿನಾಗ ಮತ್ತ ಕಟ್ಟಬ್ಯಾಡ. ದಿಣ್ಣಿ ಮ್ಯಾಲ ಮೂರು ಗುಂಟೆ ನಿಂದು. ನೀರು ಇಳೀಲಿ, ಚಿಕ್ಕೋಡಿಗೆ ಹೋಗಿ ಬಾಂಡ್ ಮಾಡಿ ರಜಿಸ್ಟರ್ ಮಾಡೂಣು."

ಆಗ ಜ್ಞಾನದೇವ ಹೌದಪ್ಪ ಅಂದಿದ್ದರೆ ಸಾಕಿತ್ತು. ಅವನು ಹಾಗೆ ಅನ್ನಲಿಲ್ಲ. ಎದೆ ತುಂಬಿ ಬಂದವನಿಗೆ ಬುದ್ಧಿ ಎಲ್ಲಿರುತ್ತದೆ?

"ಚಿಕ್ಕೋಡಿ ಯಾಕ ನಮ್ಮ ನಡುವ? ರಜಿಸ್ಟರ್ ಪರಕೀಯರಿಗೆ. ವೆಸೋದಾಗ ಬರದ ಕೊಡು."

ಮುರಗೆಪ್ಪ ಅವನ ಮುಖವನ್ನೇ ನೋಡಿದ. "ಖರೇ ಹೇಳಾಕತ್ತಿಯೇನ?"

"ಖರೇನ."

ಮುರಗೆಪ್ಪ ನೋಟುಬುಕ್ಕಿನ ಹಾಳೆ ಹರಿದು ಬರೆದ. ವೆಸೋನಾದ ಕಾಯಿದೆಯ ಪ್ರಕಾರ ದಾನಕ್ಕೆ ಹೊಳೆಯೇ ಸಾಕ್ಷಿ. ಇಬ್ಬರೂ ಮೆಟ್ಟಿಲು ಇಳಿದು ಹಾಳೆಯ ಮೂಲೆಯನ್ನು ಕೆಸರು ನೀರಿನಲ್ಲಿ ಅದ್ದಿದರು. ನೀರು ಇಳಿದ ಮೇಲೆ ಸರಕಾರ ಕೊಟ್ಟದ್ದರಲ್ಲಿ ಜ್ಞಾನದೇವ ಶೆಡ್ಡು ಎಬ್ಬಿಸಿ, ಗೋಡೆಗೆ ಬುದ್ಧನದೂ ಬಾಬಾಸಾಹೇಬರದೂ ಫೋಟೋ ಹಾಕಿದ.

ಹೆಂಡತಿ ಕಾಂಚನ ಮಾತ್ರ ಸುಮ್ಮನಾಗಲಿಲ್ಲ. "ಅದನ್ನ ಕನ್ನಡದಾಗ ಮಾಡಸ್ಕೋರಿ" ಎಂದು ವರ್ಷಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ನಾಲ್ಕು ಸಲವೂ ಜ್ಞಾನದೇವ ತಾಟು ಎಸೆದು ಎದ್ದು ಹೋಗುತ್ತಿದ್ದ. ಸ್ನೇಹದ ಮೇಲೆ ಛಾಪಾ ಹೊಡೆಸಬೇಕೇ? ಈ ನಡುವೆ ಮುರಗೆಪ್ಪನ ಮನೆಯಲ್ಲಿ ತಂದೆ ಮಗನ ನಡುವೆ ವಾಟ್ನಿಯಾಗಿ, ಆಸ್ತಿ ಪಾಲಾಗಿ, ದಿಣ್ಣೆಯ ಹೊಲ ವಿಶಾಲನ ಹೆಸರಿಗೆ ಹೋದದ್ದು ಜ್ಞಾನದೇವನಿಗೆ ಗೊತ್ತೇ ಆಗಲಿಲ್ಲ. ಐತವಾರಗಳಲ್ಲಿ ವೆಸೋನಾದ ಮೇಲಿನ ಪಕ್ಷ ಒಡೆದು ಎರಡಾದ ಸುದ್ದಿ ಬಂತು, ಇದು ಬರಲಿಲ್ಲ.

ಸುಣ್ಣದ ಗೆರೆ ಎಳೆದ ದಿನವೇ ಅವನು ಮುರಗೆಪ್ಪನ ಮನೆಗೆ ಹೋದ. ಬಾಗಿಲಿಗೆ ಗೌರಾಬಾಯಿ ಬಂದಳು, ಮುರಗೆಪ್ಪನ ಹೆಂಡತಿ.

"ಅವರು ಅಥಣಿಗೆ ಹೋಗ್ಯಾರಪ್ಪ."

"ಯಾವಾಗ ಬರತಾರ್ರಿ?"

"ಹೇಳಿಲ್ಲ."

ಕಟ್ಟೆಯ ಕೆಳಗೆ ಮುರಗೆಪ್ಪನ ಚಪ್ಪಲಿಗಳಿದ್ದವು. ಜ್ಞಾನದೇವ ಅವುಗಳನ್ನು ನೋಡಿದ, ಗೌರಾಬಾಯಿಯೂ ನೋಡಿದಳು.

ಮರುದಿನ ಚಿಕ್ಕೋಡಿಗೆ ಹೋಗಿ ಒಬ್ಬ ವಕೀಲನನ್ನು ಹಿಡಿದ. ವಕೀಲ ತರುಣ, ಒಳ್ಳೆಯವನು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ.

"ಇದನ್ನ ಕೋರ್ಟಿಗೆ ಕೊಡಬೇಕಂದ್ರ ಭಾಷಾಂತರ ಬೇಕ್ರಿ. ಈ ಭಾಷಾ ಎಷ್ಟ ಮಂದಿ ಮಾತಾಡ್ತಾರ?"

"ಇಬ್ಬರು."

"ಇಬ್ಬರು ಸಾವಿರಾನೋ, ಲಕ್ಷಾನೋ?"

"ಇಬ್ಬರ ಅಂದ್ರ ಇಬ್ಬರ. ಒಬ್ಬವ ನಾನು."

"ಇನ್ನೊಬ್ಬರ ಯಾರು? ಅವರ್ನ ಕರಕೊಂಡ ಬರ್ರಿ ಮತ್ತ."

"ಅವನ ಎದುರ ಪಾರ್ಟಿ."

ವಕೀಲ ಕಾಗದವನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದ. ನಗು ತಡೆಯಲು ಅವನು ಬಹಳ ಕಷ್ಟಪಡುತ್ತಿದ್ದ. "ಕಾಕಾ, ಸಿಟ್ಟಾಗಬ್ಯಾಡ್ರಿ. ಇದು ಕನ್ನಡದಾಗ ಇದ್ರೂ ರಜಿಸ್ಟರ್ ಇಲ್ಲದ ಕೋರ್ಟಿನಾಗ ನಿಲ್ಲತಿರಲಿಲ್ಲ. ಆದ್ರ ಊರಾಗ ನಾಕು ಮಂದಿ ಮುಂದ ನಿಲ್ಲತಿತ್ತು. ಇದು ಅಲ್ಲಿನೂ ಹೆಂಗ ನಿಲ್ಲಬೇಕು?"

"ಅವ ಸುಳ್ಳ ಹೇಳಂಗಿಲ್ಲ," ಅಂದ ಜ್ಞಾನದೇವ.

"ಯಾರು?"

"ಎದುರ ಪಾರ್ಟಿ."

ವಕೀಲ ಫೀ ತೆಗೆದುಕೊಳ್ಳಲಿಲ್ಲ. ಹಾಗೆ ತೆಗೆದುಕೊಳ್ಳದೇ ಕಳಿಸಿದ್ದು ಜ್ಞಾನದೇವನಿಗೆ ಬೈಸಿಕೊಂಡಷ್ಟು ಚುಚ್ಚಿತು.

ಶುಕ್ರವಾರ ಈ ತಕರಾರು ಬಗೆಹರಿಸಲು ಪಂಚಾಯಿತಿಯ ವರಾಂಡದಲ್ಲಿ ನಾಲ್ಕು ಮಂದಿ ಸೇರಿದರು. ಹಳೆಯ ಅಧ್ಯಕ್ಷ ಅಣ್ಣಾಸಾಬ ನಡುವಿನ ಕುರ್ಚಿಯಲ್ಲಿ ಕೂತಿದ್ದ. ಅವನ ಮಾತನ್ನು ಊರು ಕೇಳುತ್ತಿತ್ತು. ಪಕ್ಕದಲ್ಲಿ ಕಬ್ಬಿನ ಗಾಡಿಗಳ ಮುಕಾದಮ ಮಲಕಾರಿ. ಒಂದು ಬದಿಗೆ ವಿಶಾಲ, ಇನ್ನೊಂದು ಬದಿಗೆ ಮುರಗೆಪ್ಪ. ಮುರಗೆಪ್ಪ ಎಂಟು ದಿನದಲ್ಲಿ ಇಳಿದುಹೋಗಿದ್ದ. ಕೊರಳು ಕಾಲರಿನಲ್ಲಿ ಅಲ್ಲಾಡುತ್ತಿತ್ತು. ಪದ್ಮವ್ವ ಮಗನ ಹಿಂದೆ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಎಪ್ಪತ್ತೈದರ ಮುದುಕಿ, ಕಿವಿ ಚುರುಕು.

ಅಣ್ಣಾಸಾಬ ಕಾಗದ ತರಿಸಿಕೊಂಡು ಕಣ್ಣಾಡಿಸಿ ಮುರಗೆಪ್ಪನ ಕೈಗೆ ಕೊಟ್ಟ. "ಇದು ನಿಮ್ಮ ಅಕ್ಷರ ಹೌದೇನ್ರಿ?"

"ಹೌದ್ರಿ."

"ಏನ ಬರದೀರಿ, ಓದ್ರಿ."

ಮುರಗೆಪ್ಪ ಕನ್ನಡಕ ಹಾಕಿಕೊಂಡ. ಕನ್ನಡದಲ್ಲಿ ಹೇಳುತ್ತಾನೆಂದು ಎಲ್ಲರೂ ಕಾಯುತ್ತಿದ್ದರೆ ಅವನು ವೆಸೋದಲ್ಲೇ ಓದಿದ. "ನೋ ಪೆಯಾ ಇಲಾಮಿ ವೇಕಾ ಸೂಣಾ, ಕೆಶಾ ರೋಮಿ." ಸ್ಪಷ್ಟವಾಗಿ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು ಓದಿದ. ಮೂವತ್ತೇಳು ವರ್ಷದಲ್ಲಿ ಆ ಭಾಷೆ ಮೂರನೆಯ ಕಿವಿಗೆ ಬಿದ್ದದ್ದು ಅದೇ ಮೊದಲು. ಜ್ಞಾನದೇವನ ಮೈ ಜುಮ್ಮೆಂದಿತು. ಎಷ್ಟು ಚೆಂದದ ಭಾಷೆ ಕಟ್ಟಿದ್ದೆ ಅನ್ನಿಸಿತು ಅವನಿಗೆ, ಅಂಥ ಹೊತ್ತಿನಲ್ಲೂ.

ಮಲಕಾರಿ ಕಿಸಕ್ಕೆಂದ. "ಕೊಂಕಣಿ ಇದ್ದಂಗ ಐತಿ."

"ಈಗ ಕನ್ನಡದಾಗ ಹೇಳ್ರಿ," ಅಂದ ಅಣ್ಣಾಸಾಬ.

"ನಾನು ನಿನಗ ಮೂರು ಗುಂಟೆ ನೆಲ ಕೊಟ್ಟೇನಿ, ಹೊಳಿ ಸಾಕ್ಷಿ."

ಒಂದಕ್ಷರ ಬದಲಿಸಿರಲಿಲ್ಲ. ವಿಶಾಲ ತಂದೆಯ ಕಡೆ ತಿರುಗಿ ನೋಡಿದ. ಅಣ್ಣಾಸಾಬ ಹುಬ್ಬು ಏರಿಸಿ, ಗದ್ದ ಕೆರೆದುಕೊಂಡು, "ವಿಶಾಲ, ಗೇಟ ಒಂದಿಷ್ಟ ಅತ್ಲಾಗ..." ಎಂದು ಶುರು ಮಾಡಿದ್ದ. ಜ್ಞಾನದೇವ ಕೂತಲ್ಲೇ ಮುಂದಕ್ಕೆ ಬಾಗಿದ. ಅಷ್ಟರಲ್ಲಿ ಮುರಗೆಪ್ಪ ಕನ್ನಡಕ ತೆಗೆಯುತ್ತ ಮೆಲ್ಲಗೆ ಹೇಳಿದ:

"ಆದ್ರ ಅದು ವೆಸೋನಾದಾಗ ಕೊಟ್ಟದ್ದರಿ."

"ಎಲ್ಲಿ?"

"ನಾವಿಬ್ಬರೂ ಸಣ್ಣವರಿದ್ದಾಗ ಒಂದ ದೇಶ ಕಟ್ಟೇವ್ರಿ. ಮನಸಿನಾಗ. ಅಲ್ಲಿ ಅದು ಇವತ್ತಿಗೂ ಅವನದ. ಯಾರೂ ಕಸಗೊಳ್ಳಾಕ ಬರಂಗಿಲ್ಲ. ಇಲ್ಲಿ ವಾಟ್ನಿ ಆಗೇತಿ. ಹೊಲದ ಉತಾರದಾಗ ವಿಶಾಲನ ಹೆಸರ ಐತಿ. ಇಲ್ಲಿ ನಂದೇನೂ ನಡೆಯಂಗಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೂ ನಡೆಯುತ್ತಿತ್ತು. ಅಣ್ಣಾಸಾಬ ಕೇಳಿದ: "ವಾಟ್ನಿಗೆ ಸಹಿ ಮಾಡೂ ಮುಂದ ಇದು ನೆನಪಿತ್ತೇನ್ರಿ?"

"ಇತ್ರಿ."

"ಮತ್ತ?"

"ಹೆಂಗ ಹೇಳ್ಲಿ ಅಲ್ಲಿ? ವಕೀಲರಿದ್ರು, ಬೀಗರಿದ್ರು. ನಾಚಿಕಿ ಬಂತು."

ಮುರಗೆಪ್ಪ ಸುಳ್ಳು ಹೇಳಿದ್ದರೆ ಜ್ಞಾನದೇವ ತಡೆದುಕೊಳ್ಳುತ್ತಿದ್ದನೋ ಏನೋ. ನಾಚಿಕೆ ಅಂದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಕೂತಲ್ಲಿಂದ ಎದ್ದವನೇ ಹೋಗಿ ಅವನ ಅಂಗಿಯ ಎದೆ ಹಿಡಿದ.

"ಲೇ ಮುರಗ್ಯಾ. ನಾಚಿಕಿ ಬಂತೇನಲೇ? ಮೂವತ್ತೇಳ ವರ್ಷ ನನ್ನ ಕೂಡ ಕುಂತಾಗ ಬರಲಿಲ್ಲಾ ನಾಚಿಕಿ? ನನ್ನ ಮಾತ ಬಳಸಿ ನನ್ನ ಮನಿ ಕೆಡವತಿಯೇನಲೇ?"

ಮೋಟಾರು ಮನೆಯ ಕಟ್ಟೆಯ ಮೇಲೆ ಸಾವಿರ ಸಲ ಅಂದ ಮಾತು ಅದು, ಲೇ ಮುರಗ್ಯಾ. ಆದರೆ ಅಲ್ಲಿ ಕೇಳುವವರಿರಲಿಲ್ಲ. ಇದು ಪಂಚಾಯಿತಿಯ ವರಾಂಡ. ವಾಟರ್‌ಮನ್ ಸಾವುಕಾರನ ಅಂಗಿ ಹಿಡಿದು ಲೇ ಅಂದದ್ದನ್ನು ಅಣ್ಣಾಸಾಬ ಕೇಳಿದ, ಮಲಕಾರಿ ಕೇಳಿದ, ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ನೋಡುತ್ತಿದ್ದ ನಾಲ್ಕು ಮಂದಿ ಕೇಳಿದರು. ಮಲಕಾರಿ ಎದ್ದು ಅವನ ರಟ್ಟೆ ತಿರುವಿ ಹಿಂದಕ್ಕೆ ಎಳೆದ. ಅಣ್ಣಾಸಾಬನ ಮುಖ ಕಲ್ಲಾಗಿತ್ತು. ಗೇಟು ಸರಿಸುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

"ಜ್ಞಾನದೇವ, ನಿನಗ ಯಾರ ಕೂಡ ಹೆಂಗ ಮಾತಾಡಬೇಕು ತಿಳಿಯಂಗಿಲ್ಲೇನ?"

ಅವನನ್ನು ಬಿಡು, ನಾನೇ ಹಾಗೆ ಕರೆಯಲು ಹೇಳಿದ್ದೇನೆ ಎಂದು ಮುರಗೆಪ್ಪ ಅನ್ನಬಹುದಿತ್ತು. ಒಂದೇ ಮಾತು. ಅವನು ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತ ನೆಲ ನೋಡಿದ.

ತೀರ್ಮಾನಕ್ಕೆ ಹೊತ್ತು ಹಿಡಿಯಲಿಲ್ಲ. ಹದಿನೈದು ದಿನ. ಶೆಡ್ಡು ಬಿಚ್ಚಿ ತಗಡು ಒಯ್ಯಬಹುದು. ವಿಶಾಲ ನಯವಾಗಿ, "ಸಾಮಾನ ಒಯ್ಯಾಕ ಟ್ರ್ಯಾಕ್ಟರ್ ನಾನ ಕಳಸ್ತೇನ್ರಿ, ಡೀಸೆಲ್ಲೂ ನಂದ" ಅಂದ. ಹುಡುಗನ ಮನಸ್ಸು ದೊಡ್ಡದು ಎಂದು ಎಲ್ಲರೂ ಹೊಗಳಿದರು.

ಮನೆಗೆ ನಡೆಯುವಾಗ ಪದ್ಮವ್ವ ಕೇಳಿದಳು: "ಆ ದೇಶದಾಗ ನಾನೂ ಅದೀನೇನೋ?"

ಜ್ಞಾನದೇವ ಯೋಚಿಸಿದ. ಮೂವತ್ತೊಂದು ನೋಟುಬುಕ್ಕು. ಪಂಚರಿದ್ದರು, ಅಂಬಿಗರಿದ್ದರು, ಕೆರೆ ಒಡೆಯುವ ಕಳ್ಳರಿದ್ದರು, ಅವರಿಗೆಲ್ಲ ಹೆಸರಿತ್ತು. ಅಷ್ಟು ನೀರು ಹರಿಸಿ ಬೆಳೆದ ಬೆಳೆಯನ್ನು ಕಡಿಯುವವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಮುರಗೆಪ್ಪ ಬರೆದಿರಲಿಲ್ಲ, ಸರಿ. ತಾನೂ ಬರೆದಿರಲಿಲ್ಲ. ಕಬ್ಬು ಕಡಿದು ಕಡಿದು ಬೆನ್ನು ಬಾಗಿದ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿ, ಬೆಳೆ ತಾನೇ ಎದ್ದು ಮನೆಗೆ ಬರುತ್ತದೆ ಅಂದುಕೊಂಡು ದೇಶ ಕಟ್ಟಿದ್ದ.

"ಇಲ್ಲವ್ವಾ."

"ಚೊಲೋ ಆತು ಬಿಡು. ಅಲ್ಲ್ಯಾದ್ರೂ ಕಬ್ಬ ಕಡಿಯೂ ದಗದ ತಪ್ಪಿತು."

ಹದಿನಾಲ್ಕನೆಯ ದಿನ ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ಮಗ ನಿಲೇಶ ಉಗಾರದಲ್ಲಿ ಕೆಲಸಕ್ಕಿದ್ದ, ಅವನ ಬಾಡಿಗೆ ಖೋಲಿಗೆ ಸದ್ಯಕ್ಕೆ ಹೋಗುವುದೆಂದಾಗಿತ್ತು. ಒಂದು ಖೋಲಿ, ಅದರಲ್ಲಿ ಈಗಾಗಲೇ ಮೂವರು. ಯಡೂರಿನ ನೀರಿನ ಕೆಲಸ ಬಿಡಬೇಕಾಗುತ್ತದೆ. ಬೆಳಗಿನ ಐದಕ್ಕೆ ಉಗಾರದಿಂದ ಬಂದು ವಾಲ್ವು ತಿರುವುವುದು ಆಗುವ ಮಾತಲ್ಲ. ಪಂಚಾಯಿತಿಯವರು ಬೇರೆಯವನನ್ನು ನೋಡಿಯೂ ಆಗಿತ್ತು. ಜ್ಞಾನದೇವ ಮಾಡಿನ ಬೋಲ್ಟು ಬಿಚ್ಚುತ್ತಿದ್ದ. ಕಾಂಚನ ಪಾತ್ರೆಗಳನ್ನು ಸೀರೆಯಲ್ಲಿ ಕಟ್ಟುತ್ತಿದ್ದಳು. ಅವಳು ಒಂದು ಸಲವೂ ನಾನು ಹೇಳಿದ್ದೆ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಹೊತ್ತು ಹೋಗುತ್ತಿತ್ತು.

ಮುರಗೆಪ್ಪ ಕಬ್ಬಿನ ನಡುವಿನ ಕಾಲುದಾರಿಯಿಂದ ಬಂದ. ರಸ್ತೆಯಿಂದ ಬರಲಿಲ್ಲ. ಹತ್ತಿರ ಬಂದು ವೆಸೋದಲ್ಲಿ ಏನೋ ಹೇಳಿದ. ಜ್ಞಾನದೇವ ಬೋಲ್ಟು ಬಿಚ್ಚುವುದನ್ನು ನಿಲ್ಲಿಸಲಿಲ್ಲ.

"ಕನ್ನಡದಾಗ ಹೇಳ್ರಿ ಸಾವ್ಕಾರ್ರ. ಮಂದಿ ಅದಾರ."

ಮುರಗೆಪ್ಪ ಕಿಸೆಯಿಂದ ಮಡಚಿದ ದೊಡ್ಡ ಹಾಳೆ ತೆಗೆದು ಚಾಚಿದ. ಹೊಸ ನಕ್ಷೆ. ನಾಲ್ಕೈದು ದಿನ ಕೂತು ಬರೆದದ್ದು ಇರಬೇಕು. ಹೊಳೆಗೆ ನೀಲಿ, ಹೊಲಕ್ಕೆ ಹಸಿರು ಬಣ್ಣ ಹಾಕಿದ್ದ. ಮೂಡಣ ದಂಡೆಯಲ್ಲಿ ಒಂದು ದೊಡ್ಡ ಚೌಕ, ಅದರ ಮೇಲೆ ವೆಸೋ ಅಕ್ಷರದಲ್ಲಿ ಜ್ಞಾನದೇವನ ಹೆಸರು.

"ನಲವತ್ತ ಎಕರೆ," ಅಂದ ಮುರಗೆಪ್ಪ. "ಮ್ಯಾಲಿನ ನೀರು. ಮೊದಲನೇ ಪಾಳಿ ನಿಂದ. ಮೂವತ್ತೆರಡನೇ ನೋಟುಬುಕ್ಕಿನಾಗ ಪಕ್ಕಾ ಬರದೇನಿ. ಇನ್ನ ಮ್ಯಾಲ ಅಲ್ಲಿ ನಿನ್ನ ಯಾರೂ ಏಳಸಂಗಿಲ್ಲ."

ಅವನು ಚೇಷ್ಟೆ ಮಾಡುತ್ತಿರಲಿಲ್ಲ. ಕಣ್ಣು ಒದ್ದೆಯಾಗಿತ್ತು. ಜ್ಞಾನದೇವ ಬೋಲ್ಟು ಬಿಚ್ಚುವುದನ್ನು ನಿಲ್ಲಿಸಿದ. ಹಾಳೆಯನ್ನು ಹರಿದು ಅವನ ಮುಖದ ಮೇಲೆ ಎಸೆಯಬೇಕೆಂದು ಕೈಗೆ ತೆಗೆದುಕೊಂಡ. ತೆಗೆದುಕೊಂಡವನ ಕಣ್ಣು ನಕ್ಷೆಯ ಮೇಲೆ ಓಡಿತು. ಹೊಳೆ ಇಲ್ಲಿ, ಗುಡ್ಡ ಇಲ್ಲಿ. ಕಾಲುವೆ ಗುಡ್ಡದ ಬೆನ್ನಿನ ಮೇಲಿಂದ ಬಂದಿದೆ.

"ಇಲ್ಲಿ ನೀರ ಏರಂಗಿಲ್ಲ," ಅಂದುಬಿಟ್ಟ.

ಮುರಗೆಪ್ಪನ ಮುಖ ಅರಳಿತು. "ಹೌದಲ್ಲಾ. ನನಗ ಹೊಳಿಯಲೇ ಇಲ್ಲ. ಹಂಗಾರ ಕಾಲಿವಿ ಗುಡ್ಡದ ಆಚಿಕಿಂದ ತಿರಗಸೂಣೇನ?" ಎಂದು ಕಿಸೆಯಿಂದ ಪೆನ್ನು ತೆಗೆದ.

ಜ್ಞಾನದೇವ ತುಟಿ ಕಚ್ಚಿ ಹಿಡಿದ. ತಿರುಗಿಸಿದರೆ ಕೆಳಗಿನವರ ಪಾಳಿ ಸಾಯುತ್ತದೆ, ಅವರು ಪಂಚರ ಹತ್ತಿರ ಹೋಗುತ್ತಾರೆ, ಬೀಜ ಎತ್ತಬೇಕಾಗುತ್ತದೆ. ಎಲ್ಲ ಅವನ ತಲೆಯಲ್ಲಿ ತಾನೇ ತಾನಾಗಿ ಹರಿಯಿತು. ನಿಲ್ಲಿಸಿದರೂ ನಿಲ್ಲಲಿಲ್ಲ. ಮನೆ ಹೋದ ಮೇಲೆಯೂ ಇದು ಹೋಗುವುದಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಉಗಾರದ ಖೋಲಿಯಲ್ಲಿ ಆರು ಮಂದಿಯ ನಡುವೆ ಮಲಗಿದರೂ ಈ ಕಾಲುವೆ ತಲೆಯಲ್ಲಿ ಹರಿಯುತ್ತದೆ, ಮತ್ತು ಅದರ ಮಾತಾಡಲು ಈ ಮನುಷ್ಯನ ಹೊರತು ಯಾರೂ ಇಲ್ಲ.

ಟ್ರಂಕಿನ ಮೇಲೆ ಕೂತಿದ್ದ ಪದ್ಮವ್ವ ಕೂಗಿ ಕೇಳಿದಳು: "ಏನ್ ಕೊಟ್ರೋ ಸಾವ್ಕಾರ್ರು?"

"ನಲವತ್ತ ಎಕರೆ ಅಂತವ್ವಾ."

"ಎಲ್ಲಿ?"

ಜ್ಞಾನದೇವ ಕೈಯಲ್ಲಿದ್ದ ನಕ್ಷೆಯನ್ನು ಎತ್ತಿ ತೋರಿಸಿದ.

"ಹಂಗಾರ ಅದನ್ನ ಕಡೀಕ ಇಟ್ಟು ತಗಡ ಇಳಸು. ಟ್ರ್ಯಾಕ್ಟರಿನವಗ ಮತ್ತೊಂದ ಖೇಪು ಐತಂತ. ಕೈಗೆ ಅರಿವಿ ಸುತ್ತಗೊ, ತಗಡಿನ ಅಂಚ ಹರಿತ ಐತಿ."

ಅವನು ಹಾಳೆಯನ್ನು ಮಡಚಿದ. ಬಿಸಾಡಲು ಕೈ ಬರಲಿಲ್ಲ. ತನ್ನ ಮೇಲೆ ತನಗೇ ಹೇಸಿಕೆಯಾಗಿ ಅದನ್ನು ಅಂಗಿಯ ಒಳಗಿಸೆಗೆ ತುರುಕಿದ. ಕೈಗೆ ಟವಲು ಸುತ್ತಿಕೊಂಡು ಮಾಡಿನ ದೊಡ್ಡ ತಗಡಿನ ಒಂದು ತುದಿ ಹಿಡಿದು ಎತ್ತಿದ. ಉದ್ದನೆಯ ತಗಡು, ನಡುವೆ ಬಾಗಿತು. ಇನ್ನೊಂದು ತುದಿ ಮುರಗೆಪ್ಪನ ಹತ್ತಿರವೇ ಇತ್ತು. ಮುರಗೆಪ್ಪ ಪೆನ್ನು ಹಿಡಿದು ನಿಂತು, ಗುಡ್ಡದ ಆಚೆಯಿಂದ ಕಾಲುವೆ ಹೇಗೆ ತಿರುಗುತ್ತದೆಂದು ಗಾಳಿಯಲ್ಲಿ ಗೆರೆ ಎಳೆಯುತ್ತ ಯೋಚಿಸುತ್ತಿದ್ದ. ತಗಡು ಅವನ ಕಣ್ಣಿಗೆ ಬೀಳಲಿಲ್ಲ.

ಪಾತ್ರೆಯ ಗಂಟನ್ನು ನೆಲಕ್ಕಿಟ್ಟು ಕಾಂಚನ ಓಡಿ ಬಂದು ಆ ತುದಿ ಹಿಡಿದಳು. "ಸರೀರಿ ಸಾವ್ಕಾರ್ರ," ಅಂದಳು.

ಮುರಗೆಪ್ಪ ಸರಿದ. ಗಂಡ ಹೆಂಡತಿ ತಗಡು ಹೊತ್ತು ಟ್ರ್ಯಾಕ್ಟರಿನ ಕಡೆ ನಡೆದರು.